ವಿಭೂತಿ ಹಚ್ಚಿಸಿಕೊಂಡ ಬಜರ್

ಸಿಂಚನಾ, ಮನೋಜ, ಬೇಸಿಗೆ ರಜೆಯಲ್ಲಿ ನೀವು ಹೊಳಲ್ಕೆರೆಯ ನಮ್ಮ ಮನೆಯಲ್ಲಿ ಅರ್ಧಕ್ಕೆ ಬಿಟ್ಟುಹೋದ ಎಲೆಕ್ಟ್ರಾನಿಕ್ ಕಿಟ್ಟಿನ ಡಬ್ಬಿ ಎಲ್ಲೋ ಕಳೆದುಹೋಯಿತೆಂದು ಫೋನಿನಲ್ಲಿ ಹೇಳಿದ್ದೆನಲ್ಲ, ಅದು ಸುಳ್ಳು. ನಿಮ್ಮ ಅಜ್ಜಿಯೇ ಅದನ್ನು ಸೀರೆಗಳ ನಡುವೆ ಬಚ್ಚಿಟ್ಟುಕೊಂಡಿದ್ದಳು.

ಭರಮಸಾಗರದ ಶಾಲೆಯಲ್ಲಿ ಮೇಷ್ಟ್ರು ಒಮ್ಮೆ ಶೆಲ್ಲು, ತಂತಿ, ಪುಟ್ಟ ಬಲ್ಬು ತಂದು, ಒಬ್ಬೊಬ್ಬರೇ ಬಂದು ಹೊತ್ತಿಸಿ ಎಂದಿದ್ದರು. ನನ್ನ ಸರದಿ ಬಂದಾಗ ನಾಚಿಕೊಂಡು ತಲೆ ತಗ್ಗಿಸಿ ಕುಳಿತೆ. ಮೇಷ್ಟ್ರು ಮುಂದಿನವಳನ್ನು ಕರೆದರು. ನಾನು ಹೊತ್ತಿಸದ ಆ ಬಲ್ಬು ಇಷ್ಟು ವರ್ಷವಾದರೂ ನನ್ನ ತಲೆಯಲ್ಲಿ ಆರಿಲ್ಲ.

ನಿಮ್ಮ ಡಬ್ಬಿ ಬಿಚ್ಚಿ ಕೂತಾಗ ಮೊದಮೊದಲು ತಂತಿಗಳಿಗೆ ನಾನು ಹಾಕಿದ ಬೆಸುಗೆ ಮುದ್ದೆಮುದ್ದೆಯಾಗುತ್ತಿತ್ತು. ಹಂಚು ಕಾಯುವ ಮೊದಲೇ ದೋಸೆ ಹುಯ್ದರೆ ಆಗುವ ಗತಿಯೇ ಇಲ್ಲೂ ಆಗುವುದೆಂದು ತಿಳಿದ ಮೇಲೆ ಕೈ ಕುದುರಿತು. ಮೂರು ಕಾಲಿನ ಟ್ರಾನ್ಸಿಸ್ಟರ್ ಮಾತ್ರ ಬಹಳ ದಿನ ಸತಾಯಿಸಿತು. ಕೊನೆಗೆ ನಮ್ಮೂರ ಕೆರೆಯ ತೂಬು ನೆನಪಾಯಿತು. ಮೇಲೆ ನಿಂತವನು ತೂಬಿನ ಬಾಗಿಲು ಎತ್ತುವುದು ಅಷ್ಟೇ ಅಷ್ಟು. ಕೆಳಗೆ ಕಾಲುವೆ ತುಂಬ ನೀರು. ಇಲ್ಲೂ ಒಂದು ಕಾಲಿಗೆ ಚೂರು ಕರೆಂಟು ತಾಗಿದರೆ ಸಾಕು, ಉಳಿದೆರಡರ ನಡುವೆ ಜೋರಾಗಿ ಹರಿಯುತ್ತದೆ.

ಇಷ್ಟೆಲ್ಲ ಯಾಕೆಂದರೆ, ನಮ್ಮ ಹಿತ್ತಿಲ ನಲ್ಲಿಗೆ ನೀರು ಯಾವಾಗ ಬರುತ್ತದೋ ಆ ಶಿವನಿಗೂ ತಿಳಿಯದು. ಬಂದಾಗಲೆಲ್ಲ ಪಕ್ಕದ ಮನೆಯ ಮುನ್ನಿಬಿ ಗೋಡೆಯಾಚೆಯಿಂದ “ಅಕ್ಕಾ, ನೀರ್ ಬಂದೈತೆ!” ಎಂದು ಕೂಗುತ್ತಿದ್ದಳು. ಅವಳು ಮಗಳ ಬಾಣಂತನಕ್ಕೆ ಹಿರಿಯೂರಿಗೆ ಹೋದಳು. ಎದುರು ಮನೆಯ ರುದ್ರಕ್ಕನಿಗೆ ‘ನೀರು ಬಂದರೆ ಕರೀರಿ’ ಎನ್ನಲು ಬಾಯಿಯೇ ಬರಲಿಲ್ಲ. ಎರಡು ಸಲ ನೀರು ತಪ್ಪಿ ಹಂಡೆಯ ತಳ ಕಂಡಿತು. ಯಾರನ್ನೂ ಕೇಳದೆ ನೀರು ಹಿಡಿಯಬೇಕಾದರೆ ನಿಮ್ಮ ಡಬ್ಬಿಯೇ ಗತಿ ಎನಿಸಿತು.

ಐಸ್‌ಕ್ಯಾಂಡಿ ಕಡ್ಡಿಯೊಂದರ ಮೇಲೆ ಎರಡು ಬರಿ ತಂತಿಗಳನ್ನು ಉದ್ದಕ್ಕೆ, ಒಂದಕ್ಕೊಂದು ತಾಗದಂತೆ ಕಟ್ಟಿದೆ. ನಲ್ಲಿ ತಿರುಗಿಸಿಟ್ಟು, ಕಡ್ಡಿಯನ್ನು ಕೆಳಗಿನ ಪ್ಲಾಸ್ಟಿಕ್ ಕೊಡದೊಳಗೆ ಇಳಿಬಿಟ್ಟೆ. ನೀರು ಬಂದು ಎರಡೂ ತಂತಿ ಒದ್ದೆಯಾದರೆ ಅಡುಗೆಮನೆಯ ಪೆಟ್ಟಿಗೆಯಲ್ಲಿ ಕೂರಿಸಿದ್ದ ಬಜರ್ ಕೂಗಬೇಕು. ಕೂಗಿತು! ಆ ದಿನ ಅಡುಗೆಮನೆಯಲ್ಲಿ ಒಬ್ಬಳೇ ನಿಂತು ನಕ್ಕೆ.

ಆಯುಧಪೂಜೆ ಬಂತು. ಕುಡುಗೋಲು, ಈಳಿಗೆಮಣೆ, ಮಿಕ್ಸಿ ಎಲ್ಲವನ್ನೂ ಜಗಲಿಯ ಮೇಲೆ ಸಾಲಾಗಿಟ್ಟೆ. ಇಷ್ಟು ದಿನ ನೀರಿಗಾಗಿ ಕಾದ ಬಜರನ್ನು ಬಿಡಲಾದೀತೆ? ವಿಭೂತಿಯನ್ನು ನೀರಿನಲ್ಲಿ ತೇಯ್ದು, ಮೂರು ಬೆರಳಿನಿಂದ ಕಡ್ಡಿಯ ಮೇಲೆ ಅಡ್ಡಕ್ಕೆ ಭಕ್ತಿಯಿಂದ ಎಳೆದೆ. ಕೀಂ ಎಂದು ಶುರುವಾಯಿತು. ಬ್ಯಾಟರಿ ಕಳಚಬೇಕೆಂದೂ ಹೊಳೆಯದೆ ಕೈಮುಗಿದುಕೊಂಡೇ ನಿಂತಿದ್ದೆ. ಅಷ್ಟರಲ್ಲಿ ಬೀದಿಯ ಹೆಂಗಸರೆಲ್ಲ ಹಬ್ಬದ ರೇಷ್ಮೆ ಸೀರೆಯಲ್ಲೇ ಕೊಡ ಹಿಡಿದು ಓಡಿಬಂದರು. ಮುಂದೆ ರುದ್ರಕ್ಕ.

“ಎಲ್ಲೈತ್ರಿ ನೀರು? ನಮ್ ನಲ್ಲೀಲಿ ಬರೀ ಗಾಳಿ ಬರ್ತೈತೆ!”

“ನೀರಲ್ರೀ… ವಿಭೂತಿ,” ಎಂದೆ. ನೆಲ ಬಿರಿದು ನನ್ನನ್ನು ನುಂಗಬಾರದೆ ಎನಿಸಿತು.

ರುದ್ರಕ್ಕ ಕಡ್ಡಿಯ ಮೇಲಿನ ಮೂರು ಒದ್ದೆ ಗೆರೆ ನೋಡಿ ಕೊಡ ಕೆಳಗಿಟ್ಟು ನಕ್ಕಳು. “ಇಷ್ಟ್ ದಿನ ನಿಮ್ ಪೆಟ್ಗೆ ಕೂಗಿದ್ ಕೇಳೇ ನಾವು ನಲ್ಲಿ ತಿರುವ್ತಿದ್ವಿ. ನೀವಂತೂ ಬಾಯ್ಬಿಟ್ಟು ಕೇಳಲ್ಲ, ನಾನೇ ಕೇಳ್ತೀನಿ ಬಿಡ್ರಿ. ಅದುನ್ನ ಬೀದಿ ಕಡೆ ಇಡ್ರಿ, ಆ ತುದಿಮನೆಯವ್ರಿಗೂ ಕೇಳ್ಲಿ!”

“ಒಳಗೆ ಬರ್ರಿ, ಕುಂತ್ಕಳ್ರಿ,” ಎಂಬ ಮಾತು ನನ್ನ ಬಾಯಿಂದಲೇ ಬಂತು. ಪೂಜೆಯ ಮಂಡಕ್ಕಿ ಎಲ್ಲರ ಕೈಗೂ ಹಾಕಿದೆ.

ಬಜರ್ ಈಗ ಬೀದಿ ಕಿಟಕಿಯಲ್ಲಿದೆ. ಮುನ್ನಿಬಿ ಹಿರಿಯೂರಿನಿಂದ ಬಂದಿದ್ದಾಳೆ. ಅದು ಕೂಗಿದ ಮೇಲೂ ಅವಳು ಗೋಡೆಯಾಚೆಯಿಂದ ಕೂಗುತ್ತಾಳೆ. ಅವಳು ಕೂಗುವ ತನಕ ನಾನೂ ಕೊಡ ಎತ್ತುವುದಿಲ್ಲ.

ಕಿಟ್ಟಿನ ಜೊತೆ ಬಂದಿದ್ದ ಚೀಟಿ ಎಣ್ಣೆ ಬಿದ್ದು ಹಾಳಾಯಿತು. ಅದಕ್ಕೇ ಸರ್ಕ್ಯೂಟಿನ ಚಿತ್ರವನ್ನು ಈ ಪತ್ರದ ಹಾಳೆಗಳ ಹಿಂದೆ ಬರೆದಿದ್ದೇನೆ. ಜೋಪಾನವಾಗಿ ಇಟ್ಟುಕೊಳ್ಳಿ. ಹಬ್ಬದ ದಿನ ಬೇಕಾದರೆ ಇವಕ್ಕೂ ವಿಭೂತಿ ಹಚ್ಚಿ, ಇವು ಕೂಗುವುದಿಲ್ಲ.