ಬೆರಳು ಜುಮ್ಮೆನ್ನುತ್ತವೆ ಎಂದಿರಿ, ನಾನು ತಿರುವಿದೆ

ವೈನಿ, ನನಗೆ ಗೊತ್ತಿತ್ತು. ನಿಮ್ಮ ಕುತ್ತಿಗೆಯನ್ನು ತಿರುವಬಾರದು ಅನ್ನುವುದು ನನಗೆ ಗೊತ್ತಿತ್ತು — ಗೊತ್ತಿದ್ದೇ ತಿರುವಿದೆ. ಅತ್ತಿಗೆಯಾದ ನೀವು ಮೂರು ವರ್ಷದಿಂದ "ನಿನಗೇನ್ ಗೊತ್ತಿತ್ತು ಬಿಡೋ ತಮ್ಮ" ಅಂತ ನನಗೇ ಸಮಾಧಾನ ಹೇಳುತ್ತ ಬಂದಿದ್ದೀರಿ. ಆ ಮಾತು ಸುಳ್ಳು. ಅದನ್ನು ಸುಳ್ಳು ಮಾಡಿದವನು ನಾನು.

ನಾನು ಕಾಲು ಮುಂದಾಗಿ ಹುಟ್ಟಿದವನು. ಅಂಥವರ ಕಾಲು ತಾಗಿದರೆ ಉಳುಕು ಹೋಗುತ್ತದೆ ಅಂತ ನಮ್ಮೂರು ಅಳವಂಡಿಯಲ್ಲಿ ನಂಬಿಕೆ. ಚಿಕ್ಕವನಿದ್ದಾಗಲೇ ದೊಡ್ಡವರೆಲ್ಲ ನಮ್ಮ ಕಟ್ಟೆಯ ಮೇಲೆ ಬೋರಲು ಮಲಗುತ್ತಿದ್ದರು, ನಾನು ಸೊಂಟಕ್ಕೆ ಮೂರು ಸಲ ಕಾಲು ತಾಗಿಸುತ್ತಿದ್ದೆ. ಆ ಹೆಮ್ಮೆ ತಲೆಗೆ ಏರಿತ್ತು. ಮುಂದೆ ಮೊಬೈಲಿನಲ್ಲಿ, ಕೈಯಿಂದಲೇ ಎಲುಬು-ಕೀಲು ಸರಿಪಡಿಸುವ ಕೈರೋಪ್ರಾಕ್ಟಿಕ್ ವಿಡಿಯೋಗಳು ಸಿಕ್ಕವು — ತಲೆ ಹಿಡಿದು ತಿರುವಿದರೆ ಲಟ್ ಅನ್ನುವ ಸದ್ದು, ಎದ್ದವರ ಮುಖದಲ್ಲಿ ನಗು. ನೋಡಿ ನೋಡಿ ಕಲಿತೆ. ಗೆಳೆಯರ ಕುತ್ತಿಗೆ ತಿರುವಿದೆ. ಏನೂ ಆಗಲಿಲ್ಲ. ಏನೂ ಆಗದಿದ್ದುದನ್ನೇ ವಿದ್ಯೆ ಅಂದುಕೊಂಡೆ.

ಆ ದಿನ ನೀವು ಮಾರುವ ಖಡಕ್ ರೊಟ್ಟಿಯ ಗಂಟು ಹಿಡಿದು ಟಂಟಂ ಆಟೋದಲ್ಲಿ ಕೊಪ್ಪಳಕ್ಕೆ ಹೊರಟಿದ್ದಿರಿ. ರಸ್ತೆಯ ಉಬ್ಬಿನಲ್ಲಿ ಟಂಟಂ ನಿಧಾನವಾಯಿತು, ಹಿಂದಿನ ಲಾರಿ ಗುದ್ದಿತು. ಮೈಮೇಲೆ ಒಂದು ಗಾಯವಿಲ್ಲ. ಮರುದಿನ ಕುತ್ತಿಗೆ ಬಿಗಿದುಕೊಂಡಿತು. ಗಾಳಿ ಹೊಡೆದಾಗ ಜೋಳದ ತೆನೆ ದಂಟಿನ ಮೇಲೆ ಹಿಂದಕ್ಕೆ ಬಾಗಿ ಮುಂದಕ್ಕೆ ಬರುತ್ತದಲ್ಲ, ತಲೆಯೂ ಹಾಗೇ ಹೊಯ್ದಾಡಿರುತ್ತದೆ. ಎಲುಬು ಮುರಿಯದಿದ್ದರೂ ಒಳಗೆ ಸ್ನಾಯು ಜಗ್ಗಿರುತ್ತದೆ, ನೋವು ಒಂದೆರಡು ದಿನ ತಡವಾಗಿಯೂ ಬರಬಹುದು — ಇದನ್ನೆಲ್ಲ ಪಡಸಾಲೆಯಲ್ಲಿ ನಿಂತು ಮಾಸ್ತರನ ಹಾಗೆ ಹೇಳಿದವನು ನಾನೇ.

ಅಣ್ಣ ನಾಳೆ ದವಾಖಾನೆಗೆ ಕರೆದೊಯ್ಯುತ್ತೇನೆ ಅಂತ ಹೇಳಿ ಗಿಣಿಗೇರಾದ ಫ್ಯಾಕ್ಟರಿಗೆ ಪಾಳಿಗೆ ಹೋಗಿದ್ದ.

"ವೈನಿ, ಬರ್ರಿ ಇಲ್ಲೆ. ಎರಡು ನಿಮಿಷದಾಗ ಛಲೋ ಮಾಡ್ತೀನಿ."

"ನಿನ್ನ ಕಾಲಿಲೆ ಒದಿಸ್ಕೊಂಡ್ರ ಸಾಕಲ್ಲೋ, ಕುತ್ತಿಗಿ ಯಾಕ ಹಿಡೀತಿ?" ಅಂದು ನಕ್ಕಿರಿ. ಆಮೇಲೆ ಮೆಲ್ಲಗೆ — "ತಮ್ಮ, ಬಲಗೈ ಬೆರಳು ಜುಮು ಜುಮು ಅನ್ನಾಕತ್ತಾವ."

ಆ ಮಾತು ನನಗೆ ಕೇಳಿಸಿತು. ನಾನು ಮತ್ತೆ ಮತ್ತೆ ನೋಡಿದ ಒಂದು ವಿಡಿಯೋದ ಕೊನೆಗೆ ಆ ವೈದ್ಯ ಹೇಳುತ್ತಾನೆ: ಅಪಘಾತವಾಗಿದ್ದರೆ, ಕೈ ಜುಮ್ಮೆನ್ನುತ್ತಿದ್ದರೆ ಮುಟ್ಟಬೇಡಿ, ಮೊದಲು ತಪಾಸಣೆ ಮಾಡಿಸಿ. ಅಷ್ಟೂ ನೆನಪಾಯಿತು. ಆದರೆ ನನ್ನ ಕೈ ಆಗಲೇ ನಿಮ್ಮ ಗದ್ದದ ಕೆಳಗಿತ್ತು, ಪಕ್ಕದ ಮನೆಯವರು ನೋಡುತ್ತ ನಿಂತಿದ್ದರು, ಅವರ ಮುಂದೆ ಕೈ ಬಿಡುವುದು...

ಲಟ್ ಅಂದಿತು. ನೀವು ನಗಲಿಲ್ಲ.

ದವಾಖಾನೆಯಲ್ಲಿ ಡಾಕ್ಟರು, "ಯಾರಾದ್ರೂ ಕುತ್ತಿಗಿ ತಿರುವಿದ್ರೇನು?" ಅಂತ ಕೇಳಿದರು. ಅಣ್ಣ ಪಕ್ಕದಲ್ಲೇ ಇದ್ದ. ನಿಮಗಿಂತ ಮೊದಲೇ ನಾನು "ಇಲ್ರಿ" ಅಂದೆ. ಕುತ್ತಿಗೆ ಹೊರಳಿಸಲಾಗದೆ ನೀವು ಕಣ್ಣನ್ನಷ್ಟೇ ನನ್ನ ಕಡೆ ಹೊರಳಿಸಿದಿರಿ. ಆಮೇಲೆ ನೀವೂ "ಇಲ್ರಿ" ಅಂದಿರಿ. ನೋಡಿದ್ದ ಪಕ್ಕದ ಮನೆಯವರೂ ಅಣ್ಣನ ಮುಂದೆ ಆ ಮಾತು ಎತ್ತಲಿಲ್ಲ.

ಕುತ್ತಿಗೆಗೆ ಪಟ್ಟಿ ಬಂತು, ತಿಂಗಳುಗಟ್ಟಲೆ ವ್ಯಾಯಾಮ ಬಂತು. ಬಲಗೈಯ ಎರಡು ಬೆರಳಿಗೆ ಬಲ ಮಾತ್ರ ಬರಲಿಲ್ಲ. ಗುದ್ದಿದ ಲಾರಿಯಿಂದಲೇ ಹೀಗಾಗಿರಬಹುದು ಅಂತ ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡೆ. ಇರಬಹುದು. ಆದರೆ ಲಾರಿ ಗುದ್ದಿದ ಮೇಲೆ, ನಾನು ತಿರುವುವ ಹಿಂದಿನ ದಿನ, ನೀವು ಆ ಕೈಯಿಂದಲೇ ತಂಬಿಗೆ ಎತ್ತಿ ನನಗೆ ನೀರು ಕೊಟ್ಟಿದ್ದಿರಿ.

ಆಮೇಲೆ, ತಡವಾಗಿ, ಸರಿಯಾಗಿ ಓದಿದೆ. ಕೈರೋಪ್ರಾಕ್ಟಿಕ್ ಕೆಟ್ಟದ್ದಲ್ಲ, ಕೆಲವರ ಕುತ್ತಿಗೆ ನೋವು ಅದರಿಂದ ಇಳಿಯುತ್ತದೆ. ಕಲಿತವರು ಮೊದಲು ಕೇಳುತ್ತಾರೆ, ಕೈಯ ಬಲ ನೋಡುತ್ತಾರೆ, ಬೇಕಾದರೆ ಎಕ್ಸ್‌ರೇ ತೆಗೆಸುತ್ತಾರೆ. ಮುಟ್ಟಬಾರದು ಅನ್ನಿಸಿದರೆ ಕೈ ಹಿಂದಕ್ಕೆ ತೆಗೆಯುತ್ತಾರೆ. ನಾನು ಸದ್ದನ್ನು ಕಲಿತಿದ್ದೆ, ಕೈ ತೆಗೆಯುವುದನ್ನು ಕಲಿತಿರಲಿಲ್ಲ.

ಊರವರು ಈಗಲೂ ಬರುತ್ತಾರೆ. "ಒಂದ್ ಕಾಲು ತಾಗಿಸೋ" ಅನ್ನುತ್ತಾರೆ. ದವಾಖಾನೆಗೆ ಹೋಗಿ ಅನ್ನುತ್ತೇನೆ. ಯಾಕೆ ಅಂತ ಮಾತ್ರ ಯಾರಿಗೂ ಹೇಳಿಲ್ಲ.

ಇವತ್ತು ಬೆಳಿಗ್ಗೆಯೂ ನೀವು ರೊಟ್ಟಿ ತಟ್ಟುವ ಸದ್ದು ಕೇಳಿದೆ. ಮೊದಲು ಒಂದೇ ಸಮ ಇರುತ್ತಿತ್ತು. ಈಗ ನಡುನಡುವೆ ನಿಲ್ಲುತ್ತದೆ. ಅಂಚು ಒಡೆದ ರೊಟ್ಟಿಗಳನ್ನು ನೀವು ಬೇರೆ ಇಡುತ್ತೀರಿ, ಅವನ್ನೇ ನಾವು ತಿನ್ನುತ್ತೇವೆ.

ಗುರುವಾರ ನಿಮ್ಮನ್ನು ಡಾಕ್ಟರಿಗೆ ತೋರಿಸುವುದಿದೆ. ನಾನೂ ಬರುತ್ತೇನೆ. ಅಣ್ಣನ ಎದುರಿಗೇ ಅಂದಿನ "ಇಲ್ರಿ" ವಾಪಸು ತೆಗೆದುಕೊಳ್ಳುತ್ತೇನೆ. ಅಣ್ಣ ಏನು ಮಾಡುತ್ತಾನೋ — ಮಾಡಲಿ. ನಿಮ್ಮಲ್ಲಿ ಕೇಳುವುದು ಒಂದೇ, ವೈನಿ. ಇದನ್ನು ಓದಿದ ಮೇಲೆ "ಬಿಡೋ ತಮ್ಮ" ಅನ್ನಬೇಡಿ.