ಅಡುಗೆಮನೆಗೊಂದು ಕಿಟಕಿ

ಬೀದಿಯವರೆಲ್ಲ ನರ್ಸಮ್ಮ ಎಂದೇ ಕರೆಯುತ್ತಿದ್ದ ಅವರಿಗೆ ಆಸ್ಪತ್ರೆಯ ಕೆಲಸವಿದ್ದಷ್ಟು ಕಾಲ ತಲೆ ತುರಿಸಿಕೊಳ್ಳಲೂ ಪುರುಸೊತ್ತಿರಲಿಲ್ಲ. ಹಗಲಲ್ಲೂ ದೀಪ ಹಾಕಿಕೊಂಡೇ ಬೇಯಿಸಬೇಕಾದ ಅಡುಗೆಮನೆಗೆ ಒಂದು ಕಿಟಕಿ ಇಡಿಸುವ ಆಸೆ ಆಸೆಯಾಗಿಯೇ ಉಳಿದಿತ್ತು.

ನಿವೃತ್ತಿಯಾದ ಮೇಲೆ ಪುರುಸೊತ್ತು ಸಿಕ್ಕಿತು, ಆದರೆ ನಂಬುವಂಥ ಕೆಲಸದವರು ಸಿಗಲಿಲ್ಲ. "ನಾಳೆ ಬರ್ತೀನಮ್ಮ" ಎಂದು ಹೋದ ಮೇಸ್ತ್ರಿ ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಆಗ ನರ್ಸಮ್ಮ ಒಂದು ಉಪಾಯ ಹೂಡಿದರು. ಕಿಟಕಿಯ ಮಾತೇ ಎತ್ತದೆ, ಕೆಲಸ ಕೇಳಿಕೊಂಡು ಬಂದವರಿಗೆಲ್ಲ ಹಿತ್ತಲಿನ ಮುರಿದ ಮೆಟ್ಟಿಲುಗಳಲ್ಲಿ ಒಂದೊಂದನ್ನು ಕಟ್ಟಲು ಕೊಟ್ಟರು. ಮೊದಲನೆಯವನು ಕಟ್ಟಿದ್ದು ಕಾಲಿಟ್ಟ ಕೂಡಲೇ ಅಲುಗಾಡಿತು. ಎರಡನೆಯವನು ಕಸ, ಮಣ್ಣು ಎಲ್ಲ ಅಲ್ಲೇ ಬಿಟ್ಟು ಹೋದ. ಮೂರನೆಯವಳು ಗಾರೆ ಕೆಲಸದ ಹೆಂಗಸು. ಮೆಟ್ಟಿಲು ಕಟ್ಟಿ, ಹಿತ್ತಲು ಗುಡಿಸಿ, "ಇವತ್ತು ಇದನ್ನ ತುಳೀಬೇಡಿ ಅಮ್ಮ, ಬೆಳಿಗ್ಗೆ ಬಂದು ನೀರು ಹಾಕ್ತೀನಿ" ಎಂದಳು. ಹೇಳಿದಂತೆಯೇ ಬಂದಳು.

"ಅಡುಗೆಮನೆ ಗೋಡೆ ಒಡೆದು ಕಿಟಕಿ ಇಡ್ತೀಯಾ?"

"ಇಡ್ತೀನಿ. ಕೈಯಾಳು ಒಬ್ಬರು ಬೇಕಲ್ಲ."

"ನಾನಿಲ್ವಾ?"

ಸುದ್ದಿ ಕೇಳಿದ ಮಗಳು ಫೋನಿನಲ್ಲಿ ಗದರಿದಳು. "ಈ ವಯಸ್ಸಲ್ಲಿ ಇಟ್ಟಿಗೆ ಹೊರ್ತೀಯೇನಮ್ಮ?"

"ಮಂಚದಿಂದ ಮಂಚಕ್ಕೆ ರೋಗಿಗಳನ್ನ ಎತ್ತಿದ ಕೈ ಕಣೇ ಇದು. ಇಟ್ಟಿಗೆ ಯಾವ ಲೆಕ್ಕ?"

ಇಬ್ಬರೂ ಸೇರಿ ಗೋಡೆ ಒಡೆದರು, ಗಾರೆ ಕಲಸಿದರು, ಚೌಕಟ್ಟು ನಿಲ್ಲಿಸಿದರು. ಒಲೆಯ ಮೇಲೆ ಬಿಸಿಲು ಬಿದ್ದ ದಿನ ಪಕ್ಕದ ಮನೆಯಾಕೆ ಬಂದು ಬೆರಗಾದಳು.

"ಎಷ್ಟು ನೀಟಾಗಿದೆ. ಯಾವ ಮೇಸ್ತ್ರಿ ಮಾಡಿದ್ದು?"

ಸಂಕೋಚದಿಂದ ಹಿಂದೆ ನಿಂತಿದ್ದ ಗಾರೆಯವಳನ್ನು ನರ್ಸಮ್ಮ ಕೈಹಿಡಿದು ಮುಂದೆ ತಂದರು.

"ಇವಳೇ ಮೇಸ್ತ್ರಿ," ಎಂದು ತಲೆಯೆತ್ತಿ ಹೇಳಿದರು. "ಕೈಯಾಳು ನಾನು."