ಕೆರೆ ಒಡೆದ ತಿಥಿಯನ್ನು ಹುಡುಕಿ ಬೇಲೂರಿಗೆ

೧೯೫೫ರ ನವೆಂಬರಿನಲ್ಲಿ ಅರಸೀಕೆರೆಯಲ್ಲಿ ರೈಲಿಳಿದು ಹಳೇಬೀಡಿನ ಬಸ್ಸು ಹತ್ತಿದೆ. ಟಿಕೇಟು ಒಂದು ರೂಪಾಯಿ ಎರಡಾಣೆ. ಜಾವಗಲ್ಲಿನಲ್ಲಿ ಚಕ್ರಕ್ಕೆ ಗಾಳಿ ತುಂಬುವಷ್ಟರಲ್ಲಿ ಎರಡು ಇಡ್ಲಿ, ಒಂದು ಲೋಟ ಕಾಫಿ ಮುಗಿಯಿತು.

ಮರುದಿನ ಹುಲಿಕೆರೆಯ ಕೊಳವನ್ನು ನೋಡಿ, ಎರಡು ಮೈಲಿ ಆಚೆಯ ಹಳ್ಳಿಯೊಂದರ ಕೆರೆ ತೂಬಿನ ಬಳಿ ಶಾಸನವಿದೆಯೆಂದು ಕೇಳಿ ನಡೆದುಹೋದೆ. ಕಲ್ಲು ನಿಂತಿತ್ತು, ಕೆರೆಯ ಏರಿ ಒಡೆದಿತ್ತು, ಕೆಳಗಿನ ಗದ್ದೆಗಳ ಮೇಲೆಲ್ಲ ಮರಳು. ನಾನು ಅಕ್ಷರ ಓದುವುದನ್ನು ಕಂಡು ಅಲ್ಲಿಯ ಹಿಡುವಳಿದಾರರಾದ ನಂಜಮ್ಮ ಸೆರಗಿನ ಗಂಟಿನಿಂದ ಕಾಗದ ಬಿಚ್ಚಿ ಕೊಟ್ಟರು. ಬೆಳೆನಷ್ಟಕ್ಕಾಗಿ ಕಂದಾಯ ಮಾಫಿ ಕೇಳಿದ್ದ ಅವರ ಅರ್ಜಿ ತಿರಸ್ಕೃತವಾಗಿತ್ತು. ತಕರಾರು ಸಲ್ಲಿಸಲು ಮರುದಿನವೇ ಕೊನೆ. ಅರ್ಜಿಯ ಪ್ರಕಾರ ಕೆರೆ ಒಡೆದದ್ದು ಭಾದ್ರಪದ ಶುದ್ಧ ಪಂಚಮಿ, ಆಗಸ್ಟ್ ತಿಂಗಳು. ಆಗ ನಾಟಿಯೇ ಆಗಿರಲಿಲ್ಲ, ಆದಕಾರಣ ನಷ್ಟವಿಲ್ಲ ಎಂಬುದು ಕಚೇರಿಯವರ ತೀರ್ಮಾನ.

“ಬರೆದದ್ದು ಸರಿಯಾಗಿಯೇ ಇದೆಯಲ್ಲಮ್ಮ” ಎಂದೆ.

“ಏನ್ ಸರಿ ಸ್ವಾಮಿ? ಗೌರಮ್ಮನ್ನ ಬಿಡಾಕೆ ಹೋದ್ರೆ ಕೆರೇಲಿ ನೀರೇ ಇರ್ನಿಲ್ಲ! ಹುಲಿಕೆರೆ ಕೊಳಕ್ಕೆ ಹೊತ್ಕೊಂಡು ಹೋದ್ವಿ. ಪೈರು ಮೊಣಕಾಲುದ್ದ ಬಂದಿತ್ತು.”

ಆ ವರ್ಷ ಭಾದ್ರಪದಗಳು ಎರಡು. ಆಗಸ್ಟಿನಲ್ಲಿ ಬಂದ ಮೊದಲನೆಯದು ಅಧಿಕ ಮಾಸ, ನಿಜ ಭಾದ್ರಪದ ಬಂದದ್ದು ಸೆಪ್ಟೆಂಬರಿನಲ್ಲಿ. ಅರ್ಜಿ ಬರೆದುಕೊಟ್ಟವನು ಪಂಚಾಂಗದಲ್ಲಿ ಮೊದಲು ಕಂಡ ಪಂಚಮಿಗೇ ಇಂಗ್ಲಿಷ್ ತಾರೀಕು ಹಾಕಿದ್ದ.

“ಅಧಿಕದಲ್ಲಿ ಗೌರಿ ಕೂರಿಸಿದ್ದಿರಾ?”

“ಯಾರಾನ ಕೂರಿಸ್ತಾರಾ? ಓದ್ದೋರು ಕೇಳೋ ಮಾತಾ ಇದು!”

ಒಬ್ಬರ ಸಾಕ್ಷ್ಯದ ಮೇಲೆ ತಿಥಿ ನಿರ್ಣಯಿಸುವ ಅಭ್ಯಾಸ ನನಗಿಲ್ಲ. ಊರ ಶಾಲೆಯ ಹಾಜರಿ ಪುಸ್ತಕ ತೆಗೆಸಿದೆ. ಸೆಪ್ಟೆಂಬರಿನ ಪುಟದಲ್ಲಿ, ಗಣೇಶನ ಹಬ್ಬದ ಮಾರನೆಯ ದಿನ, “ಕೆರೆ ಒಡೆದ ಪ್ರಯುಕ್ತ ರಜೆ” ಎಂದಿತ್ತು. ಪಂಚಾಂಗದೊಡನೆ ತಾಳೆ ನೋಡಿದೆ: ಎರಡನೆಯ ಭಾದ್ರಪದದ ಪಂಚಮಿಯೇ. ಪುಟವನ್ನು ನಕಲು ಮಾಡಿ ಮೇಷ್ಟರ ಸಹಿ ಪಡೆದೆ.

ಬೆಳಗಿನ ಮೊದಲ ಬಸ್ಸಿಗೆ ನಂಜಮ್ಮನೊಡನೆ ಬೇಲೂರು ಸೇರಿದೆ. ದೇವಾಲಯ ನೋಡುವುದನ್ನು ಮುಂದಕ್ಕೆ ಹಾಕಿ ನೇರವಾಗಿ ತಾಲ್ಲೂಕು ಕಚೇರಿಗೆ ನಡೆದೆವು. ಅಮಲ್ದಾರರು ನಕಲನ್ನು ಎರಡು ಸಲ ಓದಿ ತಕರಾರನ್ನು ಸ್ವೀಕರಿಸಿದರು.

“ನಾಳೆಯೇ ಬಂದು ಸ್ಥಳ ನೋಡ್ತೀನಮ್ಮ.”

“ಮರಳು ಎಲ್ಲೂ ಹೋಗಾಕಿಲ್ಲ ಬುದ್ಧಿ, ನೀವು ಬಂದ್ರೆ ಸಾಕು.”

ಮಹಜರಿಗೆ ನಾನೂ ಉಳಿದೆ. ಶಾನುಭೋಗರು ಮೂರು ಕಡೆ ಮರಳು ಬಗೆಸಿದರು. ಮೂರು ಕಡೆಯೂ ಕೆಸರಿನಲ್ಲಿ ಪೈರಿನ ಬುಡಗಳು ಸಾಲುಹಿಡಿದು ನಿಂತಿದ್ದವು. ಬುಡದಿಂದ ಒಡೆದ ತೆಂಡೆಗಳು ನೀರು ಹರಿದ ದಿಕ್ಕಿಗೆ ಮಲಗಿದ್ದವು. ಅಮಲ್ದಾರರು ನಿಂತಲ್ಲೇ ಮಾಫಿಗೆ ಆಜ್ಞೆ ಬರೆಸಿದರು.

ಅರಸೀಕೆರೆಯ ಬಸ್ಸು ಹಿಡಿಯಲು ಹೊರಟವನು ಏರಿಯ ಮೇಲಿಂದ ತಿರುಗಿ ನೋಡಿದೆ. ನಂಜಮ್ಮ ಆಳಿನ ಕೈಯಿಂದ ಗುದ್ದಲಿ ಕಸಿದುಕೊಂಡು, ತಮ್ಮ ಗದ್ದೆಯ ಬದು ಎಲ್ಲಿತ್ತೆಂದು ಹುಡುಕುತ್ತಿದ್ದರು.